ಮೊದಲ ತೀರ್ಥ

ಪ್ರಪನ್ನ ನಿಲಯ, ಮಂಡ್ಯ
೧೮ ಜೂನ್ ೧೯೭೩

ತೀರ್ಥರೂಪು ತಂದೆಯವರ ಪಾದಗಳಿಗೆ ಗೋದೆ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಮಳವಳ್ಳಿಯಲ್ಲಿ ತಾವೂ ನನ್ನ ತಮ್ಮ ರಾಮಾನುಜನೂ ಅವನ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮೊಣಕಾಲಿಗೆಂದು ಕಳುಹಿಸಿದ ಎಣ್ಣೆ ಕಪಾಟಿನಲ್ಲಿ ಭದ್ರವಾಗಿದೆಯೆಂದು ರಾಮಾನುಜ ಬರೆದಿದ್ದಾನೆ. ಅದು ಹಚ್ಚಿಕೊಳ್ಳುವುದಕ್ಕೆ ಕಳುಹಿಸಿದ್ದು.

ಈ ಸಲ ಬರೆಯಲು ವಿಷಯವಿದೆ. ಮುಂದಿನ ತಿಂಗಳ ಕೊನೆಗೆ ಸಮಿತಿ ಸೇರಿ ಈ ವೃದ್ಧರ ಮನೆಗೆ ಕಾಯಂ ಮುಖ್ಯಸ್ಥರೊಬ್ಬರನ್ನು ನೇಮಿಸುವುದಂತೆ. ಸರಸಮ್ಮನವರು ‘ದಿಕ್ಕಿಲ್ಲದ ಮುದುಕರಿಗೆ, ಯಾವ ಕುಲದವರಾದರೂ ಸರಿ’ ಎಂದು ಮನೆ ಗದ್ದೆಗಳನ್ನು ಬರೆದಿಟ್ಟು ಪರಮಪದಿಸಿದ ವರ್ಷದಿಂದ ಇದನ್ನು ನಡೆಸುತ್ತಿರುವವಳು ನಾನು. ಬಾಗಿಲಿನ ಫಲಕದಲ್ಲಿ ಮಾತ್ರ ಇಂದಿಗೂ ‘ಗೋದಮ್ಮ, ಮೇಲ್ವಿಚಾರಕಿ, ತಾತ್ಕಾಲಿಕ’ ಎಂದೇ ಇದೆ. ಆರು ವರ್ಷಗಳ ತಾತ್ಕಾಲಿಕ. ವಿಧವೆಯಾಗಿ ಹಿಂದಿರುಗಿದ ನನ್ನನ್ನು, ಬಂಧುಗಳೆಲ್ಲ ಬೇಡವೆಂದರೂ, ಮೈಸೂರಿನ ಆಸ್ಪತ್ರೆಗೆ ಶುಶ್ರೂಷೆ ಕಲಿಯಲು ಕಳುಹಿಸಿದವರು ತಾವು. ಆದ್ದರಿಂದ ತಮ್ಮೊಡನೆ ಮುಚ್ಚಿಡುವುದಿಲ್ಲ: ಈ ಸ್ಥಾನ ನನಗೆ ಬೇಕು. ಅಧ್ಯಕ್ಷರಾದ ಮದ್ದೂರಿನ ವಕೀಲ ಕಸ್ತೂರಿರಂಗನವರು ಕಂಡಾಗಲೆಲ್ಲ ‘ನಿಮ್ಮನ್ನು ಬಿಟ್ಟರೆ ಇನ್ಯಾರು?’ ಎನ್ನುತ್ತಾರೆ. ಆ ಪ್ರಶ್ನೆಗೆ ಅವರಲ್ಲಿ ಬೇರೆ ಉತ್ತರವಿರಲಾರದೆಂದು ಭಾವಿಸಿದ್ದೇನೆ.

ಹೋದ ವಾರ ಸೋಮನಹಳ್ಳಿಯ ಕಡೆಯಿಂದ ಬೆಟ್ಟಮ್ಮ ಎಂಬ ಮುದುಕಿ ಬಂದಳು. ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವೆನೆಂದು ಹೇಳಿ ಅವಳ ತಮ್ಮನ ಮಗ ನಮ್ಮ ಜಗಲಿಯ ಮೇಲೆ ಕೂರಿಸಿ ಹೊರಟುಹೋಗಿದ್ದ. ಊಟಕ್ಕೆ ಎಬ್ಬಿಸಿದರೆ, ‘ಉಣ್ಣಕ್ಕೆ ಬಂದಿಲ್ಲ ಕಣವ್ವ, ಕಣ್ಣು ತೋರ್ಸಕ್ಕೆ ಬಂದಿವ್ನಿ’ ಎಂದು ಗೋಡೆಯ ಕಡೆಗೆ ತಿರುಗಿದಳು. ಹೊಸಬರೆಲ್ಲರೂ ಹೀಗೆಯೇ, ಬೇಡವಾಗಿ ಬಂದವರಿಗೆ ಅನ್ನ ಇಳಿಯುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ರೂಢಿ ಮಾಡಿದ್ದೇನೆ. ಬೆಳಗಿನ ಪೂಜೆಯಾದ ಮೇಲೆ ಮೊದಲ ತೀರ್ಥ, ಈ ಮನೆಗೆ ಎಲ್ಲರಿಗಿಂತ ಕಡೆಯಲ್ಲಿ ಬಂದವರಿಗೆ. ಅವರು ಬರುವವರೆಗೂ ಉಳಿದವರೆಲ್ಲ ಕಾದು ನಿಲ್ಲಬೇಕು. ಇನ್ನೊಬ್ಬರು ಬಂದು ಸೇರುವವರೆಗೆ ಆ ಮರ್ಯಾದೆ ಅವರದೇ.

ಬೆಟ್ಟಮ್ಮ ಎರಡು ದಿನ ಹೊರಗೆ ಬರಲಿಲ್ಲ. ಮೂರನೆಯ ದಿನ ಬಂದು, ಎಲ್ಲರೂ ನಿಂತಿರುವುದನ್ನು ಕಂಡು, ‘ಇದೇನವ್ವ, ಇಷ್ಟು ಜನ ನಂಗೋಸ್ಕರ ಕಾಯ್ಕೊಂಡು? ನಾನೇನ್ ಮದ್ವೆ ಎಣ್ಣಾ?’ ಎಂದಳು. ಆ ಮಧ್ಯಾಹ್ನ ಮುದ್ದೆ ಮುರಿದಳು. ಪಂಕಜಮ್ಮನವರು ಮಾತ್ರ ಮುಖ ಗಂಟಿಕ್ಕಿಕೊಂಡಿದ್ದಾರೆ. ಮೂರು ತಿಂಗಳು ಮೊದಲ ತೀರ್ಥ ತೆಗೆದುಕೊಂಡವರು ಅವರೇ. ಒಕ್ಕಲಗಿತ್ತಿಯ ಹಿಂದೆ ನಿಲ್ಲುವುದು ಈಗ ಕಷ್ಟವಾಗಿದೆ.

ತಮ್ಮ ಆಶೀರ್ವಾದವನ್ನು ಬೇಡುವ
ಗೋದಾ


ಮಳವಳ್ಳಿ
ಪ್ರಮಾದೀಚ ಸಂವತ್ಸರ, ಆಷಾಢ ಶುದ್ಧ ಬಿದಿಗೆ
(೨ ಜುಲೈ ೧೯೭೩)

ಚಿರಂಜೀವಿ ಗೋದೆಗೆ ಯೋಗಾನರಸಿಂಹನು ಹೃತ್ಪೂರ್ವಕವಾಗಿ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಪತ್ರವನ್ನು ಎರಡಾವರ್ತಿ ಓದಿದೆನು. ತಾತ್ಕಾಲಿಕವೆಂಬ ಪದವು ನಿನ್ನನ್ನು ಇಷ್ಟು ನೋಯಿಸಬೇಕೆ? ಯಾವ ಶರೀರದಲ್ಲಿ ಕುಳಿತು ನಾನು ಇದನ್ನು ಬರೆಯುತ್ತಿರುವೆನೋ ಅದೇ ತಾತ್ಕಾಲಿಕ. ಯಾವ ಶರೀರಗಳಿಗೆ ನೀನು ಗಂಜಿ ಕಾಯಿಸಿ ಹಾಕುತ್ತಿರುವೆಯೋ ಅವೂ ತಾತ್ಕಾಲಿಕವೇ. ಭಗವಂತನ ಮತ್ತು ಭಾಗವತರ ಸೇವೆಗೆ ನಿಂತವರು ತಾವು ಕುಳಿತಿರುವ ಮಣೆಯ ಎತ್ತರವನ್ನು ಅಳೆಯುತ್ತ ಕೂಡಬಾರದು. ಕೊಟ್ಟರೆ ಸ್ವೀಕರಿಸು; ಕೊಡದಿದ್ದರೆ ಅದೂ ಅವನ ಸಂಕಲ್ಪವೆಂದು ತಿಳಿ. ಧನುರ್ಮಾಸದಲ್ಲಿ ಹುಟ್ಟಿದವಳೆಂದು ನಿನಗೆ ಗೋದೆಯೆಂದು ಹೆಸರಿಟ್ಟವನು ನಾನು. ಆ ಮಾಸವೆಲ್ಲ ಭಗವಂತನನ್ನು ಹಾಡಿದ ಆ ಹೆಸರಿನ ಮಹಾತಾಯಿ ಕೇಳಿದ್ದು ಸೇವೆಯನ್ನೇ ಹೊರತು ಅಧಿಕಾರವನ್ನಲ್ಲ.

ಇಲ್ಲಿಯ ವಿಶೇಷವೊಂದುಂಟು. ನಿಮ್ಮ ಕಸ್ತೂರಿರಂಗನು ಬಹು ವಿನಯದಿಂದ ನನಗೊಂದು ಪತ್ರ ಬರೆದು, ಸನ್ನಿಧಿಯಲ್ಲಿ ತೀರ್ಥವಿನಿಯೋಗದ ಕ್ರಮವೇನು, ಯಾರು ಮೊದಲು ಯಾರು ಅನಂತರ ಎಂದು ಕೇಳಿದ್ದಾನೆ. ಮದ್ದೂರಿನಲ್ಲಿ ಅವನು ದೇವಸ್ಥಾನವೊಂದರ ಧರ್ಮದರ್ಶಿಯೂ ಹೌದಲ್ಲವೆ. ಅಲ್ಲಿ ಏನೋ ವ್ಯಾಜ್ಯ ಬಂದಿರಬೇಕು. ಪಾಠಶಾಲೆಯಿಂದ ನಿವೃತ್ತನಾದ ಮೇಲೆ ನನ್ನನ್ನು ಇಂಥ ಪ್ರಶ್ನೆ ಕೇಳಿದವರೇ ಇಲ್ಲ. ಮೂರು ದಿನ ಗ್ರಂಥಗಳನ್ನು ಹರಡಿಕೊಂಡು ಕುಳಿತು, ಪೂರ್ವಪಕ್ಷ ಸಿದ್ಧಾಂತಗಳೊಡನೆ ನಾಲ್ಕು ಹಾಳೆಯ ಉತ್ತರವನ್ನು ಕಳುಹಿಸಿದೆನು. ಬಹು ಕಾಲದ ಮೇಲೆ ಮನಸ್ಸಿಗೆ ತೃಪ್ತಿಯಾಯಿತು.

ಎಣ್ಣೆಯ ವಾಸನೆ ಉಗ್ರವಾಗಿದೆ.

ಶ್ರೀಯಃಪತಿಯು ನಿನಗೆ ಆರೋಗ್ಯವನ್ನೂ ಸಹನೆಯನ್ನೂ ಅನುಗ್ರಹಿಸಲಿ.

ಇಂತು,
ಯೋಗಾನರಸಿಂಹ


ಮಂಡ್ಯ
೩೦ ಜುಲೈ ೧೯೭೩

ತಂದೆಯವರ ಪಾದಗಳಿಗೆ ನಮಸ್ಕಾರಗಳು.

ಸಭೆ ಮುಗಿಯಿತು. ಮದ್ದೂರಿನ ದೇವಸ್ಥಾನದಲ್ಲಿ ಯಾವ ವ್ಯಾಜ್ಯವೂ ಇಲ್ಲ. ವ್ಯಾಜ್ಯವಿದ್ದದ್ದು ಇಲ್ಲಿ. ಪಂಕಜಮ್ಮನವರು ಅಧ್ಯಕ್ಷರಲ್ಲಿ ದೂರಿಕೊಂಡಿದ್ದರು; ಅಧ್ಯಕ್ಷರು ತಮ್ಮನ್ನು ಕೇಳಿದರು; ತಾವು ಉತ್ತರಿಸಿದಿರಿ. ಆ ನಾಲ್ಕು ಹಾಳೆಗಳನ್ನು ನನ್ನ ಎದುರಿನಲ್ಲಿಯೇ ಓದಿದರು. ‘ಆಚಾರ್ಯನಿಗೆ, ಅನಂತರ ಆಡಳಿತದ ಪುರುಷನಿಗೆ, ಅನಂತರ ವಿದ್ವಾಂಸರಿಗೆ, ಕಡೆಯಲ್ಲಿ ನೂತನವಾಗಿ ಬಂದವರಿಗೆ. ಆಡಳಿತದ ಪುರುಷನಿಲ್ಲದ ಸನ್ನಿಧಿಯಲ್ಲಿ ಕ್ರಮವು ನಿಲ್ಲದು.’ ಅಕ್ಷರಗಳು ಮುತ್ತಿನಂತಿದ್ದವು. ಎಲ್ಲರೂ ತಲೆದೂಗಿದರು.

‘ಗೋದಮ್ಮ, ನಿಮ್ಮ ಕೆಲಸಕ್ಕೆ ಯಾರೂ ಬೆರಳು ತೋರಿಸೋ ಹಾಗಿಲ್ಲ’ ಎಂದರು ಕಸ್ತೂರಿರಂಗನವರು. ‘ಆದರೆ ಅಧಿಕಾರಿ ಅಂತ ಒಬ್ಬ ಗಂಡಸು ಇಲ್ಲದ್ದಕ್ಕೆ ತಾನೆ ಕ್ರಮ ಕೆಟ್ಟದ್ದು? ಇದು ನನ್ನ ಮಾತಲ್ಲ. ನಿಮ್ಮ ತಂದೆಯವರದು.’

ಶಿವಪುರದ ಜವರಯ್ಯನವರು ಸಮಿತಿಯ ಸದಸ್ಯರು, ಕೆಟ್ಟವರಲ್ಲ. ಅವರು ಹೇಳಿದರು: ‘ಎಣ್ಣೆಂಗ್ಸು ಒಳಗಿನ ಕೆಲ್ಸಕ್ಕೆ ಸರಿ ಕಣಮ್ಮ. ತಾಲ್ಲೂಕು ಕಚೇರಿ ಬೆಂಚಲ್ಲಿ ಗಂಟೆಗಟ್ಲೆ ಕೂರಾಕಾದದಾ?’

‘ಆರು ವರ್ಷದಿಂದ ಆ ಬೆಂಚಲ್ಲೇ ಕೂತಿದೀನಿ, ಜವರಯ್ಯನವರೆ. ಒಂದು ಸಲ ನೀವೇ ಎದ್ದು ಜಾಗ ಕೊಟ್ಟಿದ್ರಿ.’

ಎಲ್ಲರೂ ನಕ್ಕರು. ನಕ್ಕು, ನಿವೃತ್ತ ಅಮಲ್ದಾರರಾದ ಮಹದೇವಯ್ಯನವರನ್ನು ಮುಖ್ಯಸ್ಥರೆಂದು ನೇಮಿಸಿದರು. ನಾನು ಅವರ ಕೈಕೆಳಗೆ ಮೊದಲಿನ ಕೆಲಸವನ್ನೇ ಮಾಡತಕ್ಕದ್ದು. ಬೀಗದ ಕೈಗೊಂಚಲನ್ನು ಸಂಜೆ ಒಪ್ಪಿಸಿದೆ.

ತಮ್ಮನ್ನು ಪ್ರಶ್ನೆ ಕೇಳುವವರಿಲ್ಲವೆಂದು ಬರೆದಿದ್ದಿರಿ. ನಾನೂ ಹಿಂದಿನ ಪತ್ರದಲ್ಲಿ ಬೆಟ್ಟಮ್ಮನ ತೀರ್ಥದ ವಿಷಯ ಬರೆದಿದ್ದೆ. ಅದು ಪ್ರಶ್ನೆಯಂತೆ ಕಾಣಲಿಲ್ಲವೇನೋ.

ಗೋದಾ


ಮಳವಳ್ಳಿ
ಭಾದ್ರಪದ ಶುದ್ಧ ದಶಮಿ
(೭ ಸೆಪ್ಟೆಂಬರ್ ೧೯೭೩)

ಚಿರಂಜೀವಿ ಗೋದೆಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎರಡು ಏಕಾದಶಿಗಳು ಕಳೆದವು. ಉತ್ತರವನ್ನು ಬರೆದು ಬರೆದು ಹರಿದೆನು. ನಿನ್ನಿಂದಲೂ ಬೇರೆ ಕಾಗದ ಬರಲಿಲ್ಲ.

ನಾನು ಬರೆದ ಅಭಿಪ್ರಾಯದಲ್ಲಿ ದೋಷವಿಲ್ಲ. ಹಾಳೆ ಹಾಳೆಯಾಗಿ ಮತ್ತೊಮ್ಮೆ ಪರಿಶೀಲಿಸಿದೆನು. ದೇವಸ್ಥಾನದ ಕ್ರಮವು ಅದೇ. ಸೂರ್ಯನು ಪಶ್ಚಿಮದಲ್ಲಿ ಉದಿಸಿದರೂ ಅದು ಬದಲಾಗದು. ಪ್ರಶ್ನೆ ಬಂದಾಗ ಕೇಳಿದವನ ಅಂತರಂಗವನ್ನು ಶೋಧಿಸುವುದು ಪಂಡಿತನ ಧರ್ಮವಲ್ಲ. ಪ್ರಶ್ನೆಗೆ ಉತ್ತರಿಸುವುದಷ್ಟೇ ಅವನ ಧರ್ಮ. ಹಾಗೆಂದು ನನ್ನ ಗುರುಗಳು ಕಲಿಸಿದರು. ಹಾಗೆಂದು ನಾನು ನೂರಾರು ಮಕ್ಕಳಿಗೆ ಕಲಿಸಿದೆನು.

ಇಷ್ಟಾದರೂ ಒಂದು ತೊಡಕು ನನ್ನನ್ನು ಬಿಡುತ್ತಿಲ್ಲ. ನಿನ್ನ ಮನೆ ದೇವಸ್ಥಾನವಲ್ಲ, ಆದ್ದರಿಂದ ನನ್ನ ಉತ್ತರ ಅದಕ್ಕೆ ಸಲ್ಲದು ಎಂದು ಕಸ್ತೂರಿರಂಗನಿಗೆ ಬರೆಯಬಹುದು. ಆದರೆ ಗತಿಯಿಲ್ಲದವರು ಬಂದು ಸೇರುವ ಸ್ಥಳವು ಭಗವಂತನ ಸನ್ನಿಧಿಯಲ್ಲವೆಂದು ಯಾವ ಬಾಯಿಂದ ಹೇಳಲಿ? ಸನ್ನಿಧಿಯೆಂದರೆ ನನ್ನ ಉತ್ತರ ನಿಂತು ನಿನ್ನ ರೂಢಿ ಬೀಳುತ್ತದೆ. ಅಲ್ಲವೆಂದರೆ ನನ್ನ ನಾಲಿಗೆ ಬೀಳುತ್ತದೆ. ಮೂರು ದಿನದಲ್ಲಿ ನಾಲ್ಕು ಹಾಳೆ ಬರೆದವನಿಗೆ ಈ ಒಂದು ವಾಕ್ಯ ಎರಡು ಪಕ್ಷಗಳಿಂದ ಸಿಕ್ಕಿಲ್ಲ.

ಆ ಬೆಟ್ಟಮ್ಮನೆಂಬಾಕೆ ಊಟ ಮಾಡುತ್ತಿರುವಳೆ?

ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೇನೆ.

ಇಂತು,
ಯೋಗಾನರಸಿಂಹ


ಮಂಡ್ಯ
೧೨ ನವೆಂಬರ್ ೧೯೭೩

ತಂದೆಯವರ ಪಾದಗಳಿಗೆ ನಮಸ್ಕಾರಗಳು.

ಬೆಟ್ಟಮ್ಮ ಊಟ ಮಾಡುತ್ತಿದ್ದಾಳೆ. ತೀರ್ಥ ತೆಗೆದುಕೊಳ್ಳುತ್ತಿಲ್ಲ.

ಮಹದೇವಯ್ಯನವರು ಸಾತ್ವಿಕರು. ಬೆಳಗ್ಗೆ ಬಂದು ಪತ್ರಿಕೆ ಓದುತ್ತಾರೆ. ಯಾರಿಗಾದರೂ ಉಬ್ಬಸ ಬಂದರೆ ‘ಗೋದಮ್ಮ, ಇದಕ್ಕೇನು ಮಾಡೋಣ?’ ಎನ್ನುತ್ತಾರೆ. ಅಕ್ಕಿ ಮುಗಿದರೂ ಅದೇ ಪ್ರಶ್ನೆ, ಬಾವಿಯ ಹಗ್ಗ ಹರಿದರೂ ಅದೇ. ನಾನು ಹೇಳುತ್ತೇನೆ, ಅವರು ಅದನ್ನೇ ಅಪ್ಪಣೆಯಾಗಿ ನನಗೆ ತಿರುಗಿ ಹೇಳುತ್ತಾರೆ, ನಾನು ಮಾಡುತ್ತೇನೆ. ಒಂದು ಕೆಲಸಕ್ಕೆ ಈಗ ಎರಡು ಪ್ರಯಾಣ.

ಪೂಜೆಯಾದೊಡನೆ ತಾವು ವಿಧಿಸಿದಂತೆ ಅವರು ಮುಂದೆ ಬಂದು ಕೈಯೊಡ್ಡುತ್ತಾರೆ. ಅರ್ಚಕರು ‘ಮುಂದಿನವರು’ ಎನ್ನುತ್ತಾರೆ. ಮುಂದಿನವರೇ ಇಲ್ಲ. ಎಲ್ಲರೂ ಕೈಕಟ್ಟಿ ನಿಂತಿರುತ್ತಾರೆ. ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲ. ಈಚೆಗೆ ಬೆಟ್ಟಮ್ಮನಿಗಿಂತ ಹೊಸಬನೊಬ್ಬ ಬಂದಿದ್ದಾನೆ, ಅವನ ವಿಷಯ ಮುಂದಿದೆ. ಅವಳನ್ನು ಕೇಳಿದರೆ, ‘ಒಸಬ್ರು ಮೊದ್ಲು ತಕ್ಕಳ್ಲಿ. ಆಮ್ಯಾಕೆ ಓಯ್ತೀನಿ’ ಎನ್ನುತ್ತಾಳೆ. ದೂರು ಕೊಟ್ಟ ಪಂಕಜಮ್ಮನವರೂ ಹೋಗುವುದಿಲ್ಲ. ಅಡುಗೆಮನೆಗೆ ಬಂದು ಪಿಸುಗುಟ್ಟಿದರು: ‘ಗೋದಾ, ಹಳೇದೇ ಇರಲಿ ಅಂತ ಅವರಿಗೆ ಹೇಳಿಬಿಡ್ಲಾ?’

‘ಹೇಳಿ.’

‘ಕಸ್ತೂರಿರಂಗನ್ನ ಕಂಡ್ರೆ ಹೆದರಿಕೆ ಕಣೆ.’

‘ದೂರು ಹೇಳೋವಾಗ ಹೆದರಿಕೆ ಇರ್ಲಿಲ್ವೆ?’

‘ಆಗ ಕೋಪ ಇತ್ತಲ್ಲ.’

ಇದನ್ನು ಓದಿ ತಾವು ನಗಬಹುದು, ನಾನೂ ನಕ್ಕೆ. ಮುಂದಿನದು ನಗುವ ಮಾತಲ್ಲ. ದೀಪಾವಳಿಯ ಮರುವಾರ ಚಿಕ್ಕಮಾದು ಎಂಬ ಮುದುಕ ಬಂದ. ಹೆಂಡತಿ ಸತ್ತ ಮೇಲೆ ಊರ ಛತ್ರದಲ್ಲಿ ಮಲಗುತ್ತಿದ್ದವನು. ಹೊಸಬನಾದ್ದರಿಂದ ಅವನನ್ನು ಸಾಲಿನ ಕಡೆಯಲ್ಲಿ, ಕಂಬದ ಹಿಂದೆ ನಿಲ್ಲಿಸಿದರು. ನಾನು ನೋಡುತ್ತ ನಿಂತೆ. ಆರು ವರ್ಷಗಳಲ್ಲಿ ಇಂಥವರಿಗೆ ಏನು ಮಾಡಬೇಕೆಂದು ಕಲಿತದ್ದು ಕೈಯಲ್ಲಿತ್ತು, ಕೈಯನ್ನು ಕಟ್ಟಿದ್ದರು. ಅವನು ಊಟ ಮುಟ್ಟಲಿಲ್ಲ. ಮರುದಿನ ಹಾಸಿಗೆ ಬರಿದಾಗಿತ್ತು. ಮಧ್ಯಾಹ್ನದವರೆಗೂ ಹುಡುಕಿ, ಹನಕೆರೆಯ ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಂಡೆ. ‘ಎಲ್ಲಿಗೆ ಹೊರಟಿರಿ?’ ಎಂದೆ. ‘ಎಲ್ಗೂ ಇಲ್ಲ ಕಣವ್ವ. ಇಲ್ಲಿ ಯಾರೂ ಏನೂ ಕೇಳಾಕಿಲ್ಲ, ಅದ್ಕೆ ಕುಂತಿವ್ನಿ’ ಎಂದ. ಕೈಹಿಡಿದು ಕರೆತಂದೆ. ಕಡತದಲ್ಲಿ ‘ಸ್ವಇಚ್ಛೆಯಿಂದ ವಾಯುವಿಹಾರಕ್ಕೆ ಹೋಗಿದ್ದರು’ ಎಂದು ಬರೆಯಲಾಯಿತು.

ರಾಜ್ಯಕ್ಕೆ ಹೊಸ ಹೆಸರು ಬಂದದ್ದರಿಂದ ನಮ್ಮ ಫಲಕಕ್ಕೂ ಹೊಸ ಬಣ್ಣ ಬಂತು. ಮೈಸೂರು ಎಂದಿದ್ದಲ್ಲಿ ಕರ್ನಾಟಕ, ನನ್ನ ಹೆಸರಿದ್ದಲ್ಲಿ ಮಹದೇವಯ್ಯನವರದು. ಬಣ್ಣದವನು ಹಳೆಯ ಅಭ್ಯಾಸದಿಂದ ಅವರ ಮುಂದೆಯೂ ‘ತಾತ್ಕಾಲಿಕ’ ಎಂದು ಬರೆದ. ಅಧ್ಯಕ್ಷರು ನಿಂತು ಅಳಿಸಿದರು.

ವೈಕುಂಠ ಏಕಾದಶಿಯ ವಾರ್ಷಿಕ ಪೂಜೆಗೆ ಸಮಿತಿಯವರು ತಮ್ಮನ್ನು ಆಹ್ವಾನಿಸುವರಂತೆ. ಬರುವುದೂ ಬಿಡುವುದೂ ತಮ್ಮ ಚಿತ್ತ.

ಗೋದಾ


ಮಂಡ್ಯ
೮ ಜನವರಿ ೧೯೭೪

ತಂದೆಯವರ ಪಾದಗಳಿಗೆ ನಮಸ್ಕಾರಗಳು.

ಮಳವಳ್ಳಿಯ ಬಸ್ಸಿನಲ್ಲಿ ತಮಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದನ್ನು ಕಂಡು ಹಿಂದಿರುಗಿದೆ. ಅನಂತರ ಇಲ್ಲಿ ಏನು ನಡೆಯಿತೆಂಬುದನ್ನು ತಿಳಿಸಬೇಕಾಗಿದೆ.

ಏಕಾದಶಿಯ ಪೂಜೆಗೆ ಬಂದು ತಾವು ಮಾಡಿದ್ದನ್ನು ನಾನು ಸ್ತಂಭದ ಪಕ್ಕದಿಂದ ನೋಡಿದೆ. ಮೊದಲ ತೀರ್ಥ ಪಂಡಿತರಿಗೆ ಎಂದು ಅಧ್ಯಕ್ಷರು ತಮ್ಮ ತೋಳು ಹಿಡಿದು ಮುಂದೆ ತಂದರು. ಮಹದೇವಯ್ಯನವರೂ ಸರಿದು ದಾರಿ ಬಿಟ್ಟರು. ಅರ್ಚಕರು ಉದ್ಧರಣೆಯೆತ್ತಿದರು. ತಾವು ಕೈಯೊಡ್ಡಲಿಲ್ಲ. ‘ಈ ಮನೆಗೆ ಕಡೆಯಲ್ಲಿ ಬಂದವರು ಯಾರು?’ ಎಂದು ಕೇಳಿದಿರಿ. ಬೆಟ್ಟಮ್ಮ, ‘ಅಗೋ, ಕಂಬದಿಂದೆ ಅವಿತ್ಕೊಂಡವ್ನಲ್ಲ, ಅವ್ನೇ’ ಎಂದಳು. ತಾವು ನೋಯುವ ಮೊಣಕಾಲಿನಲ್ಲಿ ಸಾಲಿನ ಕಡೆಯವರೆಗೂ ನಡೆದು, ಚಿಕ್ಕಮಾದುವನ್ನು ಮುಂದೆ ಕಳುಹಿಸಿ, ಅವನು ನಿಂತಿದ್ದಲ್ಲಿ ತಾವು ನಿಂತಿರಿ. ನಿಂತು, ಎಲ್ಲರಾದ ಮೇಲೆ ತೀರ್ಥ ತೆಗೆದುಕೊಂಡಿರಿ. ಆಷಾಢದಿಂದ ಈಚೆಗೆ ಆ ಬಟ್ಟಲು ಬರಿದಾದದ್ದು ಅಂದೇ.

ನನ್ನೊಡನೆ ತಾವು ಅದರ ವಿಷಯ ಒಂದು ಮಾತೂ ಆಡಲಿಲ್ಲ. ಬಸ್ಸು ಬರುವವರೆಗೂ ರಾಮಾನುಜನ ಮಗಳ ಲೆಕ್ಕದ ಪರೀಕ್ಷೆಯ ಮಾತೇ ಆಯಿತು. ನಾನೂ ಎತ್ತಲಿಲ್ಲ.

ಇನ್ನು ಮೇಲೆ ಎಲ್ಲವೂ ಸರಿಹೋಗುವುದೆಂದು ನಂಬಿ ಹಿಂದಿರುಗಿದವಳು ನಾನು. ಜಗಲಿಯಲ್ಲಿ ಕಸ್ತೂರಿರಂಗನವರು ಜವರಯ್ಯನವರಿಗೆ ಹೇಳುತ್ತಿದ್ದರು: ‘ಎಪ್ಪತ್ತೆಂಟು ಅಲ್ಲವೆ? ಅರಳು ಮರಳು. ತಾವೇ ಬರೆದದ್ದು ನೆನಪಿಲ್ಲ, ಪಾಪ.’ ನನ್ನನ್ನು ಕಂಡು ದನಿ ತಗ್ಗಿಸಿ ಕನಿಕರದಿಂದ, ‘ಗೋದಮ್ಮ, ಪೂರ್ವದ ಕೋಣೆ ಖಾಲಿ ಇದೆ. ತಂದೆಯವರನ್ನ ಇಲ್ಲೇ ಕರ್ಕೊಂಡು ಬಂದ್ಬಿಡಿ. ನೀವು ಹತ್ತಿರ ಇರ್ತೀರಿ’ ಎಂದರು. ಮಾರನೆಯ ಬೆಳಗ್ಗೆ ಮಹದೇವಯ್ಯನವರು ಮತ್ತೆ ಮೊದಲು. ಚಿಕ್ಕಮಾದು ಮತ್ತೆ ಕಂಬದ ಹಿಂದೆ.

ಕೋಪದಲ್ಲಿ ಬರೆಯಬಾರದ್ದನ್ನು ಬರೆದೇನು. ಇಲ್ಲಿಗೆ ನಿಲ್ಲಿಸುತ್ತೇನೆ.

ಗೋದಾ


ಮಳವಳ್ಳಿ
ಮಕರ ಸಂಕ್ರಮಣ
(೧೪ ಜನವರಿ ೧೯೭೪)

ಚಿರಂಜೀವಿ ಗೋದೆಗೆ ಆಶೀರ್ವಾದಗಳು. ಎಳ್ಳುಬೆಲ್ಲವನ್ನು ಪ್ರತ್ಯೇಕವಾಗಿ ಕಳುಹಿಸಿದೆ.

ಸಮಿತಿಗೆ ಈ ದಿನ ನಾನು ಬರೆದ ಪತ್ರದ ನಕಲು ಇದು:

‘ಮಾನ್ಯರೆ, ನನ್ನ ಬುದ್ಧಿಯು ಶಿಥಿಲವಾಗಿದೆಯೆಂಬ ತಮ್ಮ ಅಭಿಪ್ರಾಯವು ನನ್ನ ಕಿವಿಗೆ ಬಿದ್ದಿತು. ಅದು ನಿಜವಾಗಿದ್ದರೆ, ಕೇವಲ ಆರು ತಿಂಗಳ ಹಿಂದೆ ಅದೇ ಬುದ್ಧಿಯಿಂದ ಬರೆದ ನಾಲ್ಕು ಹಾಳೆಗಳೂ ಪ್ರಮಾಣವಲ್ಲ; ಅವುಗಳ ಆಧಾರದ ಮೇಲೆ ಮಾಡಿದ್ದೆಲ್ಲವೂ ಬಿದ್ದುಹೋಗುತ್ತದೆ. ಅದು ಸುಳ್ಳಾಗಿದ್ದರೆ, ವೈಕುಂಠ ಏಕಾದಶಿಯಂದು ತಮ್ಮೆಲ್ಲರ ಸಮಕ್ಷಮದಲ್ಲಿ ನಾನು ಮಾಡಿದ್ದೇ ನನ್ನ ಅಂತಿಮ ನಿರ್ಣಯ. ಎರಡು ತುದಿಯಲ್ಲಿಯೂ ಕುಣಿಕೆಯಿರುವ ಹಗ್ಗವೆಂದು ಶಾಸ್ತ್ರದಲ್ಲಿ ಇದನ್ನೇ ಕರೆಯುತ್ತಾರೆ. ತಮಗೆ ಯಾವ ಕುಣಿಕೆ ಹಿತವೋ ಅದನ್ನು ಆರಿಸಿಕೊಳ್ಳತಕ್ಕದ್ದು. ಆಡಳಿತಕ್ಕೆ ಪುರುಷನೇ ಆಗಬೇಕೆಂಬುದಕ್ಕೆ ನನ್ನಲ್ಲಿ ಪ್ರಮಾಣವಿಲ್ಲ. ಆ ವಾಕ್ಯವನ್ನು ನಾನು ಅಭ್ಯಾಸಬಲದಿಂದ ಬರೆದೆನು.’

ಕಸ್ತೂರಿರಂಗನು ನನ್ನ ಹಳೆಯ ವಿದ್ಯಾರ್ಥಿಯಲ್ಲವಾದ್ದರಿಂದ ಕಿವಿ ಹಿಂಡುವ ಅಧಿಕಾರ ನನಗಿಲ್ಲ.

ಪೂರ್ವದ ಕೋಣೆಯನ್ನು ಬೇರೆ ಯಾರಿಗಾದರೂ ಕೊಡು. ಇಲ್ಲಿ ಮೊಮ್ಮಗಳಿಗೆ ಲೆಕ್ಕ ಬರುವುದಿಲ್ಲ.

ಇಂತು,
ಯೋಗಾನರಸಿಂಹ


ಮಂಡ್ಯ
೨೦ ಫೆಬ್ರವರಿ ೧೯೭೪

ತಂದೆಯವರ ಪಾದಗಳಿಗೆ ನಮಸ್ಕಾರಗಳು.

ತಮ್ಮ ಪತ್ರಕ್ಕೆ ಸಮಿತಿ ಉತ್ತರ ಬರೆಯಲಿಲ್ಲ, ಬರೆಯುವುದೂ ಇಲ್ಲ. ‘ತೀರ್ಥವಿನಿಯೋಗವು ಹಿಂದಿನ ರೂಢಿಯಂತೆ’ ಎಂದು ಒಂದು ಸಾಲಿನ ನಿರ್ಣಯ ಬಂತು. ಈಗ ಚಿಕ್ಕಮಾದು ಮೊದಲು. ಕೈಯೊಡ್ಡುವಾಗ ಇನ್ನೂ ಸುತ್ತ ನೋಡುತ್ತಾನೆ, ಯಾರಾದರೂ ಬೇಡವೆನ್ನುವರೋ ಎಂದು. ಊಟ ಮಾಡುತ್ತಿದ್ದಾನೆ.

ಮಹದೇವಯ್ಯನವರು ಮಗಳ ಮನೆಗೆ ಹೊರಟುಹೋದರು. ಹೋಗುವಾಗ ನನ್ನನ್ನು ಕರೆದು, ‘ಗೋದಮ್ಮ, ನಾನು ಕಲಿತಿದ್ದು ಜನರನ್ನ ಕಾಯಿಸೋ ಕೆಲಸ. ಇಲ್ಲಿರೋದು ಜನಕ್ಕೆ ಕಾಯೋ ಕೆಲಸ. ಆಗಲಿಲ್ಲ’ ಎಂದರು. ಅವರ ಮೇಲೆ ನನಗೆ ಕೋಪವಿರಲಿಲ್ಲ.

ಅನಂತರ ಅಧ್ಯಕ್ಷರ ಆಜ್ಞೆ ಬಂತು: ಯೋಗ್ಯ ಪುರುಷರೊಬ್ಬರು ದೊರೆಯುವವರೆಗೆ ಗೋದಮ್ಮನವರು ತಾತ್ಕಾಲಿಕವಾಗಿ ಮುಖ್ಯಸ್ಥರ ಕೆಲಸವನ್ನು ನೋಡಿಕೊಳ್ಳತಕ್ಕದ್ದು.

ತಾವು ‘ಪ್ರಮಾಣವಿಲ್ಲ’ ಎಂದು ಬರೆದ ಮೇಲೂ ಅದೇ ಪುರುಷ, ಅದೇ ತಾತ್ಕಾಲಿಕ. ಓದಿ, ಮಡಿಸಿ, ಮಹದೇವಯ್ಯನವರು ಕೈಗೊಂಚಲು ಇಟ್ಟುಹೋಗಿದ್ದ ಮೇಜಿನ ಮೇಲೆ ಅದರ ಪಕ್ಕದಲ್ಲಿಯೇ ಇಟ್ಟೆ. ಗೊಂಚಲನ್ನು ಮುಟ್ಟಲಿಲ್ಲ. ಯಾರ ಗಂಜಿಯನ್ನೂ ನಿಲ್ಲಿಸಿಲ್ಲ, ಯಾರ ಮಾತ್ರೆಯನ್ನೂ ತಪ್ಪಿಸಿಲ್ಲ. ಮಹದೇವಯ್ಯನವರು ಹೋಗುವಾಗ ಉಗ್ರಾಣಕ್ಕೆ ಬೀಗ ಹಾಕಿರಲಿಲ್ಲ. ಅಂದಿನಿಂದ ಅದು ತೆರೆದೇ ಇದೆ. ಬೆಟ್ಟಮ್ಮ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಾಳೆ. ಒಂದು ಹಿಡಿ ಬೇಳೆಯೂ ಆಚೆ ಹೋಗಿಲ್ಲ.

ನಿನ್ನೆ ಅಧ್ಯಕ್ಷರು ಬಂದರು. ‘ಇದೇನು ಗೋದಮ್ಮ, ಬೀಗದ ಕೈ ಇಲ್ಲೇ ಬಿದ್ದಿದೆ? ತಗೊಳ್ಳಿ’ ಎಂದರು.

‘ಅದನ್ನ ಎತ್ತಿಕೊಳ್ಳೋರು ಈ ಮನೆಗೆ ಮುಖ್ಯಸ್ಥರು ಅಂತ ಬರೆದುಕೊಡಿ ಸ್ವಾಮಿ. ತಾತ್ಕಾಲಿಕ ಅನ್ನೋದು ಬೇಡ. ಎತ್ತಿಕೊಳ್ತೀನಿ.’

‘ಒಂದು ಮಾತಿಗೆ ಇಷ್ಟು ಹಟವೆ? ಬೀಗ ಹಾಕದೆ ಮನೆ ಹೇಗೆ ನಡೆಯುತ್ತೆ?’

ನಾನು ಉತ್ತರಿಸುವ ಮೊದಲೇ ಬೆಟ್ಟಮ್ಮ ಅವರೆಕಾಯಿಯಿಂದ ತಲೆ ಮೇಲೆತ್ತದೆ, ‘ಬೀಗ ಆಕಿದ್ರೆ ತಾನೆ ಸ್ವಾಮಿ ಕೈ ಬೇಕಾಗಾದು? ಬಾಗ್ಲು ತಗ್ದೇ ಐತೆ, ಬುಡಿ’ ಎಂದಳು. ಅಧ್ಯಕ್ಷರು ಲೇಖನಿ ತೆಗೆದರು, ಕ್ಷಣಕಾಲ ಹಿಡಿದಿದ್ದರು, ಮತ್ತೆ ಜೇಬಿಗೆ ಸಿಕ್ಕಿಸಿಕೊಂಡು ಹೊರಟರು. ಮುಂದಿನ ಸಭೆಯಲ್ಲಿ ನೋಡೋಣವೆಂದರು. ಬೇರೊಬ್ಬರನ್ನು ಹುಡುಕುತ್ತಿದ್ದಾರೆಂದು ಜವರಯ್ಯನವರು ಹೇಳಿದರು.

ಈ ಹಟದ ಮೇಲೆ ಬೇರೆಯವರು ಬಂದರೆ ನನಗೆ ಇಲ್ಲಿ ಜಾಗವಿರದು. ಈ ಮನೆಯನ್ನು ಬಿಟ್ಟು ನನಗೆ ತಿಳಿದಿರುವುದೂ ಏನೂ ಇಲ್ಲ. ಮೇಜನ್ನು ದಾಟಿ ಹೋಗುವಾಗಲೆಲ್ಲ, ಸುಮ್ಮನೆ ಎತ್ತಿ ಸೆರಗಿಗೆ ಕಟ್ಟಿಕೊಂಡರಾಯಿತು, ಆರು ವರ್ಷ ನಡೆದದ್ದು ಇನ್ನಾರು ವರ್ಷ ನಡೆಯುತ್ತದೆ ಎನ್ನಿಸುತ್ತದೆ. ತಾವೇನು ಹೇಳುವಿರೆಂದು ನನಗೆ ಗೊತ್ತು: ಶರೀರವೇ ತಾತ್ಕಾಲಿಕ. ಆದರೂ ಈ ಸಲ ಪ್ರಶ್ನೆಯಾಗಿಯೇ ಕೇಳುತ್ತಿದ್ದೇನೆ. ಎತ್ತಿಕೊಳ್ಳಲೆ?

ಗೋದಾ


(ಅಂಚೆ ಕಾರ್ಡು)

ಮಳವಳ್ಳಿ
ಫಾಲ್ಗುಣ ಶುದ್ಧ ತದಿಗೆ
(೨೫ ಫೆಬ್ರವರಿ ೧೯೭೪)

ಚಿರಂಜೀವಿ ಗೋದೆಗೆ,

ಎತ್ತಿಕೊಳ್ಳಬೇಡ.

ಯೋಗಾನರಸಿಂಹ